ತಲಾ ಎರಡು ನಿಮಿಷ

ಸಾಲಿನ ತುದಿ ಕಾಣುತ್ತಿಲ್ಲ. ಅಮೃತಶಿಲೆಯ ನೆಲದ ಮೇಲೆ ಕೂತವರು, ಗೋಡೆಗೆ ಒರಗಿದವರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು, ಎಲ್ಲರೂ ಒಂದೇ ಬಾಗಿಲಿನತ್ತ ಮುಖ ಮಾಡಿದ್ದಾರೆ. 2023ರ ಜೂನ್ 5, ಸೋಮವಾರ ಮಧ್ಯಾಹ್ನ. ಅಮೆರಿಕದ ಜಾರ್ಜಿಯಾ ರಾಜ್ಯದ ರಾಜಧಾನಿ ಅಟ್ಲಾಂಟಾದ ಸಿಟಿ ಹಾಲ್. ಒಳಗೆ ನಗರ ಪಾಲಿಕೆಯ ಸಭೆ. ನೀವು ಹೆಸರು ಬರೆಸಿ ಸಾಲಿನಲ್ಲಿ ನಿಂತಿದ್ದೀರಿ. ನಿಮ್ಮ ಪಾಲಿಗೆ ಸಿಗುವುದು ಎರಡು ನಿಮಿಷ. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೀರಿ. ಬೆವರುವ ಕೈಯಲ್ಲಿ ಅದು ಆಗಲೇ ಮೆತ್ತಗಾಗಿದೆ.

‘ಸ್ಟಾಪ್ ಕಾಪ್ ಸಿಟಿ!’ ಕೂಗು ಎತ್ತರದ ಚಾವಣಿಗೆ ಬಡಿದು ತಿರುಗಿ ಬರುತ್ತದೆ. ಪಾಲಿಕೆಯ ಕಡತದಲ್ಲಿ ಈ ಯೋಜನೆಯ ಹೆಸರು ಬೇರೆ: ಅಟ್ಲಾಂಟಾ ಸಾರ್ವಜನಿಕ ಸುರಕ್ಷತಾ ತರಬೇತಿ ಕೇಂದ್ರ. 85 ಎಕರೆಯಲ್ಲಿ ಪೊಲೀಸರಿಗೆ, ಅಗ್ನಿಶಾಮಕ ದಳದವರಿಗೆ ತರಬೇತಿ. ಗುಂಡು ಹಾರಿಸಿ ಕಲಿಯುವ ಜಾಗ, ವಾಹನ ಓಡಿಸಿ ಕಲಿಯುವ ರಸ್ತೆ, ಬೆಂಕಿ ಆರಿಸಿ ಕಲಿಯುವ ಕಟ್ಟಡ, ಜೊತೆಗೆ ನಿಜದ ಊರನ್ನು ಹೋಲುವ ಒಂದು ನಕಲಿ ಪಟ್ಟಣ. ಆ ಪಟ್ಟಣದಿಂದಲೇ ವಿರೋಧಿಗಳು ಇಟ್ಟ ಹೆಸರು ‘ಕಾಪ್ ಸಿಟಿ’, ಪೊಲೀಸರ ಊರು.

ನಗರದ ಆಗ್ನೇಯಕ್ಕೆ ಹೋದರೆ ಈ ಕೇಂದ್ರ ಕಟ್ಟಲು ಆರಿಸಿದ ಕಾಡು. ಪೈನ್ ಮರಗಳ ನಡುವೆ ಇಂಟ್ರೆಂಚ್‌ಮೆಂಟ್ ಎಂಬ ಹಳ್ಳ ಹರಿದು ಸೌತ್ ರಿವರ್ ನದಿಗೆ ಸೇರುತ್ತದೆ. ಇಲ್ಲಿ ಮೊದಲು ಬದುಕಿದ್ದವರು ಮಸ್ಕೋಗಿ ಜನ. ಅವರ ಭಾಷೆಯ ‘ವೀಲೌನಿ’ ಎಂಬ ಹೆಸರನ್ನೇ ಹೋರಾಟಗಾರರು ಈ ಕಾಡಿಗೆ ಕೊಟ್ಟಿದ್ದಾರೆ. ಮಸ್ಕೋಗಿಯವರನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಒಕ್ಕಲೆಬ್ಬಿಸಲಾಯಿತು. ಮುಂದೆ, ಇಪ್ಪತ್ತನೆಯ ಶತಮಾನದ ಬಹುಕಾಲ, ಇದೇ ನೆಲದಲ್ಲಿ ಕೈದಿಗಳು ಉತ್ತು ಬಿತ್ತು, ಹೈನುಗಾರಿಕೆ ಮಾಡಿದರು. ಆ ಜೈಲು ತೋಟ ಮುಚ್ಚಿದ ಮೇಲೆ ಗೋಡೆಗಳನ್ನು ಬಳ್ಳಿ ಹಬ್ಬಿ ಮುಚ್ಚಿತು. 2017ರಲ್ಲಿ ಪಾಲಿಕೆಯೇ ಒಪ್ಪಿದ ನಗರ ವಿನ್ಯಾಸದಲ್ಲಿ ಈ ಭಾಗಕ್ಕೆ ಒಂದು ವಿಶಾಲ ಉದ್ಯಾನದ ಕನಸಿತ್ತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಜಾಗ ಅಟ್ಲಾಂಟಾ ನಗರದ್ದು, ಆದರೆ ಇರುವುದು ನಗರದ ಗಡಿಯ ಹೊರಗೆ, ಡಿಕ್ಯಾಲ್ಬ್ ಕೌಂಟಿಯಲ್ಲಿ. ಸುತ್ತ ವಾಸಿಸುವವರಲ್ಲಿ ಹೆಚ್ಚಿನವರು ಕಪ್ಪು ಜನ. ಗುಂಡಿನ ಸದ್ದು ಕೇಳಬೇಕಾದ ಈ ನೆರೆಹೊರೆಯವರಿಗೆ ಅಟ್ಲಾಂಟಾ ಪಾಲಿಕೆಯ ಚುನಾವಣೆಯಲ್ಲಿ ಮತವೇ ಇಲ್ಲ.

ಇನ್ನೊಂದು ಪಕ್ಷದ ವಾದದಲ್ಲೂ ಹುರುಳಿದೆ. 2020ರ ಜೂನ್‌ನಲ್ಲಿ ಇದೇ ನಗರದ ಹೋಟೆಲೊಂದರ ಪಾರ್ಕಿಂಗ್ ಜಾಗದಲ್ಲಿ ಪೊಲೀಸನೊಬ್ಬ ಕಪ್ಪು ಯುವಕನನ್ನು ಗುಂಡಿಟ್ಟು ಕೊಂದ. ಮರುದಿನವೇ ಪೊಲೀಸ್ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು, ಹಲವು ಪೊಲೀಸರು ಕೆಲಸ ಬಿಟ್ಟರು. ಹಳೆಯ ತರಬೇತಿ ಕಟ್ಟಡಗಳು ಶಿಥಿಲವಾಗಿದ್ದವು. ಒಳ್ಳೆಯ ತರಬೇತಿ ಸಿಕ್ಕರೆ ಪೊಲೀಸರ ಕೈ ತಡೆಯುತ್ತದೆ ಎಂಬುದು ಮೇಯರ್ ಆಂಡ್ರೆ ಡಿಕನ್ಸ್ ಅವರ ವಾದ. ಅದೇ ಸಾವನ್ನು ನೆನೆದು ಸಾಲಿನಲ್ಲಿ ನಿಂತವರು ಕೇಳುತ್ತಾರೆ: ನ್ಯಾಯ ಕೇಳಿ ಬೀದಿಗೆ ಬಂದ ನಮಗೆ ನೀವು ಕೊಡುವ ಉತ್ತರ ಇದೇನಾ? ಪೊಲೀಸರಿಗೆ ತರಬೇತಿ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಕಾಡನ್ನೇ ಕಡಿಯಬೇಕು, ಜನರ ಮಾತನ್ನೇ ದಾಟಿ ಹೋಗಬೇಕು ಎಂಬುದನ್ನು ಒಪ್ಪಲಾರೆ.

ಸಂಜೆಯಾಯಿತು. ಸಾಲು ನಾಲ್ಕು ಹೆಜ್ಜೆ ಸರಿಯಿತು. ಯಾರೋ ಒಂದು ಬಿಸ್ಕತ್ತಿನ ಪೊಟ್ಟಣ ಹಿಂದಕ್ಕೆ ದಾಟಿಸಿದರು. ಒಳಗೆ ಮೈಕಿನ ಮುಂದೆ ಪಾದ್ರಿಗಳು, ವಿದ್ಯಾರ್ಥಿಗಳು, ಮೇಷ್ಟರುಗಳು, ಅಜ್ಜಿಯಂದಿರು ಒಬ್ಬರಾದ ಮೇಲೆ ಒಬ್ಬರು ನಿಲ್ಲುತ್ತಿದ್ದಾರೆ. ಯೋಜನೆ ಬೇಕೆಂದವರು ಬೆರಳೆಣಿಕೆಯಷ್ಟು ಮಂದಿ.

ಮತ್ತೆ ಮತ್ತೆ ಬರುವ ಮಾತು ಜನವರಿ 18ರದು. ಅಂದು ಕಾಡಿನಲ್ಲಿ ಬಿಡಾರ ಹೂಡಿದ್ದವರನ್ನು ತೆರವು ಮಾಡಿಸಲು ಹೋದ ರಾಜ್ಯ ಪೊಲೀಸರ ಗುಂಡಿಗೆ 26 ವರ್ಷದ ಹೋರಾಟಗಾರರೊಬ್ಬರು ಬಲಿಯಾದರು. ಗೆಳೆಯರು ಅವರನ್ನು ಸ್ಪ್ಯಾನಿಷ್‌ನಲ್ಲಿ ‘ಪುಟ್ಟ ಆಮೆ’ ಎಂದು ಕರೆಯುತ್ತಿದ್ದರು. ಮೊದಲು ಗುಂಡು ಬಂದದ್ದು ಟೆಂಟಿನೊಳಗಿಂದ, ನಮ್ಮವನೊಬ್ಬ ಗಾಯಗೊಂಡ ಎಂದು ಪೊಲೀಸರು ಹೇಳಿದರು. ಕೌಂಟಿಯ ಮರಣೋತ್ತರ ಪರೀಕ್ಷೆ ಆ ದೇಹದಲ್ಲಿ ಎಣಿಸಿದ್ದು 57 ಗುಂಡೇಟಿನ ಗಾಯ. ‘ಐವತ್ತೇಳು’ ಎಂದು ಮೈಕಿನಲ್ಲಿ ಕೇಳಿದಾಗಲೆಲ್ಲ ನಿಮ್ಮ ಪಕ್ಕದವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಇನ್ನು ದುಡ್ಡು. ಮೊದಲು ಹೇಳಿದ್ದು ಜನರ ತೆರಿಗೆಯಿಂದ 3 ಕೋಟಿ ಡಾಲರ್, ಉಳಿದದ್ದು ಪೊಲೀಸ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆ ದಾನಿಗಳಿಂದ ಎತ್ತುತ್ತದೆ ಎಂದು. ಈಗ ಮೇಜಿನ ಮೇಲಿರುವ ಠರಾವಿನಲ್ಲಿ ನಗರ ನೇರವಾಗಿ ಕೊಡುವುದು 3.1 ಕೋಟಿ, ಅದರ ಮೇಲೆ ಅದೇ ಕೇಂದ್ರವನ್ನು ಬಳಸಲು ಫೌಂಡೇಶನ್ನಿಗೆ ವರ್ಷಕ್ಕೆ 12 ಲಕ್ಷದಂತೆ 30 ವರ್ಷ ಬಾಡಿಗೆ. ಕೂಡಿದರೆ 6.7 ಕೋಟಿ.

ಮಧ್ಯರಾತ್ರಿ ದಾಟಿದೆ. ಕೊನೆಗೂ ನಿಮ್ಮ ಹೆಸರು ಕೂಗುತ್ತಾರೆ. ಕಾಲು ಜೋಮು ಹಿಡಿದಿದೆ. ಮೈಕಿನ ಆಚೆ ಅರ್ಧವೃತ್ತದಲ್ಲಿ ಸದಸ್ಯರು. ಒಬ್ಬರು ನಿಮ್ಮನ್ನೇ ನೋಡುತ್ತಿದ್ದಾರೆ, ಇನ್ನೊಬ್ಬರು ಫೋನಿನತ್ತ ಬಗ್ಗಿದ್ದಾರೆ. ಗಡಿಯಾರದ ಅಂಕಿ ಇಳಿಯತೊಡಗಿದೆ. ಹಾಳೆಯಲ್ಲಿದ್ದದ್ದು ಕಣ್ಣಿಗೆ ಹತ್ತುತ್ತಿಲ್ಲ. ನದಿಯ ಬಗ್ಗೆ ಹೇಳಬೇಕೆಂದಿದ್ದಿರಿ, ಮೊಮ್ಮಕ್ಕಳ ಬಗ್ಗೆ ಹೇಳುತ್ತೀರಿ. ‘ನನ್ನ ಮಾತು ಇನ್ನೂ…’ ಅನ್ನುವಷ್ಟರಲ್ಲಿ ಸಮಯ ಮುಗಿಯಿತು.

2021ರ ಸೆಪ್ಟೆಂಬರ್‌ನಲ್ಲೂ ಹೀಗೇ ಆಗಿತ್ತು. ಜನ ಫೋನಿನಲ್ಲಿ ದಾಖಲಿಸಿದ ಸುಮಾರು 17 ಗಂಟೆಗಳ ಅಭಿಪ್ರಾಯವನ್ನು ಸದಸ್ಯರು ಕೇಳಿಸಿಕೊಂಡರು. ಹೆಚ್ಚಿನವರು ಬೇಡ ಎಂದಿದ್ದರು. ಆಮೇಲೆ 10–4 ಮತದಿಂದ ಈ ಜಾಗವನ್ನು ಫೌಂಡೇಶನ್ನಿಗೆ ಗುತ್ತಿಗೆ ಕೊಡಲು ಒಪ್ಪಿಗೆ ಸಿಕ್ಕಿತು.

ಈ ಸಲ 14 ಗಂಟೆಗೂ ಹೆಚ್ಚು ಕಾಲ ಜನ ಮಾತಾಡಿದ್ದಾರೆ. ಹೊರಗೆ ಮೂಡಣ ಬೆಳ್ಳಗಾಗುತ್ತಿದೆ. ಬೆಳಗಿನ ಸುಮಾರು ಐದೂವರೆಗೆ ಮತದಾನ. ಪರ 11, ವಿರುದ್ಧ 4. ಒಂದು ಗಳಿಗೆ ಯಾರೂ ಉಸಿರೆತ್ತುವುದಿಲ್ಲ. ಆಮೇಲೆ ಒಮ್ಮೆಲೇ ಕೂಗು, ಅಳು, ಧಿಕ್ಕಾರ.

ಮರುದಿನದಿಂದಲೇ ಜನ ಬೇರೆ ದಾರಿ ಹಿಡಿದರು: ಇದನ್ನು ನಗರದ ಮತದಾರರೇ ತೀರ್ಮಾನಿಸಲಿ. ಅದಕ್ಕೆ ಬೇಕಿದ್ದದ್ದು ಸುಮಾರು 58,000 ಸಹಿ. ಬೇಸಿಗೆಯ ಧಗೆಯಲ್ಲಿ ಮನೆ ಮನೆ ತಿರುಗಿ, ಸಂತೆ, ಚರ್ಚು, ಬಸ್ ನಿಲ್ದಾಣ ಅಲೆದು ಕೂಡಿಸಿದ್ದು ಸುಮಾರು 1,16,000. ಡಿಕನ್ಸ್ ಮೇಯರ್ ಆಗಿ ಗೆದ್ದಾಗ ಅವರಿಗೆ ಬಿದ್ದ ಮತಕ್ಕಿಂತ ಬಹಳ ಹೆಚ್ಚು.

ಸೆಪ್ಟೆಂಬರ್ 11ರಂದು ನೀವು ಮತ್ತೆ ಅದೇ ಸಿಟಿ ಹಾಲ್‌ಗೆ ಬಂದಿದ್ದೀರಿ. ಪೆಟ್ಟಿಗೆಗಟ್ಟಲೆ ಸಹಿ ಹೊತ್ತವರು ಒಳಗೆ ಸಾಗುತ್ತಿದ್ದಾರೆ. ಡಿಕ್ಯಾಲ್ಬ್ ನಿವಾಸಿಗಳಿಗೂ ಸಹಿ ಸಂಗ್ರಹಿಸಲು ಬಿಡಬೇಕು ಎಂದು ನ್ಯಾಯಾಧೀಶರೊಬ್ಬರು ಗಡುವು ವಿಸ್ತರಿಸಿದ್ದರು. ಮೇಲಿನ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿದೆ. ಹಾಗಾಗಿ ಪೆಟ್ಟಿಗೆಗಳನ್ನು ಇಲ್ಲಿಡಬಹುದು, ಪರಿಶೀಲನೆ ಮಾತ್ರ ಶುರು ಮಾಡುವುದಿಲ್ಲ ಎನ್ನುತ್ತದೆ ನಗರ. ಪೆಟ್ಟಿಗೆಗಳು ಒಂದರ ಮೇಲೊಂದು ಏರಿವೆ. ಆ ರಾಶಿಯಲ್ಲೆಲ್ಲೋ ನಿಮ್ಮ ಸಹಿಯೂ ಇದೆ, ಎಣಿಸುವವರಿಲ್ಲದೆ.