ಎಡಗೈ ಬೌಲರೂ ನಮ್ಮಣ್ಣನೂ

ಮಳವಳ್ಳಿಯ ಟೆನಿಸ್ ಬಾಲ್ ಟೂರ್ನಿಗೆ ಹದಿನೈದು ದಿನ ಇರುವಾಗ ನಮ್ಮ ತಂಡದಲ್ಲಿ ಮೊದಲ ಓವರ್ ಹಾಕುವವನೇ ಇರಲಿಲ್ಲ. ಇದ್ದೊಬ್ಬ ಬಿಡದಿಯ ಕಾರ್ಖಾನೆಗೆ ಸೇರಿದ್ದ, ಭಾನುವಾರವೂ ಶಿಫ್ಟು. ಭತ್ತ ಕೊಯ್ದ ಗದ್ದೆಯಲ್ಲೇ ಪಿಚ್ ಮಾಡಿಕೊಳ್ಳುವ ಮಂಡ್ಯ ಕಡೆಯ ಊರು ನಮ್ಮದು. ಪಿಎಚ್‌ಡಿಯ ಮೂರನೇ ಅಧ್ಯಾಯ ಮುಂದಕ್ಕೆ ಹೋಗದೆ ನಾನು ಮೈಸೂರಿನಿಂದ ಊರಿಗೆ ಬಂದಿದ್ದೆ. ಕ್ಯಾಪ್ಟನ್ ಸ್ಕೋರ್ ಪುಸ್ತಕಗಳನ್ನೆಲ್ಲ ತಂದು ನನ್ನ ಮುಂದೆ ಹಾಕಿದ. "ನೀ ಓದ್ಕಂಡಿರೋನು ಕಣ್ಲಾ, ಯಾರ್ನ ತರ್ಬೇಕು ನೀನೇ ಹೇಳು."

ಎಂಟು ಓವರಿನ ಪಂದ್ಯ, ಒಬ್ಬನಿಗೆ ಎರಡೇ ಓವರ್. ಅಂದರೆ ನಾವು ಹುಡುಕುತ್ತಿದ್ದದ್ದು ಹನ್ನೆರಡು ಬಾಲನ್ನು.

ಮಳವಳ್ಳಿಯ ಒಬ್ಬ ಹುಡುಗನ ಹೆಸರಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಇದ್ದವು. ಪುಟ ತಿರುವಿದರೆ ಅವು ಬಹುಪಾಲು ಕೊನೆಯ ಓವರಿನವು, ಸಿಕ್ಕಿದ್ದನ್ನೆಲ್ಲ ಬೀಸುವ ಹೊತ್ತಿನವು. ಮೊದಲ ಓವರ್ ಕೊಟ್ಟಾಗಲೆಲ್ಲ ವೈಡುಗಳ ಸಾಲು. ಮಂಡ್ಯದ ಕಾಲೇಜು ಹುಡುಗನೊಬ್ಬ ಲೆದರ್ ಬಾಲಿನಲ್ಲಿ ಚೆನ್ನಾಗಿ ಸ್ವಿಂಗ್ ಮಾಡುತ್ತಿದ್ದ. ಟೆನಿಸ್ ಬಾಲಿಗೆ ಆ ಹೊಲಿಗೆ ಎಲ್ಲಿಂದ ತರೋಣ? ಉಳಿದವನು ಮದ್ದೂರಿನ ಎಡಗೈಯವನು. ವಿಕೆಟ್ ಕಡಿಮೆ. ಆದರೆ ನನಗೆ ಸಿಕ್ಕ ಆರು ಪಂದ್ಯಗಳಲ್ಲಿ ಅವನ ಮೊದಲ ಓವರಿನ ಅರ್ಧಕ್ಕಿಂತ ಹೆಚ್ಚು ಬಾಲು ಡಾಟ್. ಟೂರ್ನಿಯ ಮೈದಾನದಲ್ಲಿ ಒಂದು ಕಡೆಯ ಬೌಂಡರಿ ಗಿಡ್ಡ. ಆ ತುದಿಯಿಂದ ಬಲಗೈ ಬ್ಯಾಟ್ಸ್‌ಮನ್‌ಗೆ ಅದು ಲೆಗ್ ಸೈಡು. ಎಡಗೈಯವನ ಬಾಲು ಬಲಗೈಯವನಿಂದ ಆಚೆ ಸರಿದು ಹೋಗುತ್ತದೆ. ಅದನ್ನು ಎಳೆದು ಲೆಗ್ಗಿಗೆ ಹೊಡೆಯುವುದು ಕಷ್ಟ. ನಾನು ಅವನ ಹೆಸರಿಗೆ ಸುತ್ತು ಹಾಕಿದೆ.

ಕ್ಯಾಪ್ಟನ್‌ಗೆ ವಿಕೆಟ್ಟಿನದೇ ಚಿಂತೆ. ಹರ್ಷಲ್ ಪಟೇಲ್ ಉದಾಹರಣೆ ಕೊಟ್ಟೆ. 2021ರ ಜನವರಿಯಲ್ಲಿ ಆರ್‌ಸಿಬಿ ಅವನನ್ನು ದೆಹಲಿಯಿಂದ ಟ್ರೇಡ್ ಮಾಡಿ ತಂದಾಗ, ಹಿಂದಿನ ಸೀಸನ್ನಿನಲ್ಲಿ ಅವನು ಆಡಿದ್ದು ಬೆರಳೆಣಿಕೆಯ ಪಂದ್ಯ. ಆ ವರ್ಷ 32 ವಿಕೆಟ್, ಪರ್ಪಲ್ ಕ್ಯಾಪ್. (ಚಾಹಲ್‌ನನ್ನು ಕೈಬಿಟ್ಟಿದ್ದೂ ಇದೇ ತಂಡ, 2022ರಲ್ಲಿ ಅವನು ರಾಜಸ್ಥಾನಕ್ಕೆ ಆಡಿ ಅದೇ ಕ್ಯಾಪ್ ತೊಟ್ಟ. ಆ ಮಾತು ಬೇಡ.)

ಮದ್ದೂರಿನವರು ಬದಲಿಗೆ ಕೇಳಿದ್ದು ನಮ್ಮ ಓಪನರ್‌ನನ್ನು, ಇಡೀ ಸೀಸನ್ನಿಗೆ. ಅವನು ನಮ್ಮ ದೊಡ್ಡಪ್ಪನ ಮಗ. ನನಗೆ ಸ್ಕೋರ್ ಬರೆಯಲು ಕಲಿಸಿದವನೂ ಅವನೇ. ಮೂವತ್ತನಾಲ್ಕು ವಯಸ್ಸು, ಬಾಲಿಗೊಂದು ರನ್. ಎಂಟು ಓವರಿನ ಆಟಕ್ಕೆ ಅದು ಸಾಲದು. "ಕೊಡಬಹುದು" ಅಂತ ಬರೆದೆ. ಕ್ಯಾಪ್ಟನ್ ಫೋನ್ ಮಾಡಿ ಮುಗಿಸಿದ.

ನಮ್ಮಣ್ಣನಿಗೆ ಅದು ಗೊತ್ತಾಗಿದ್ದು ಮದ್ದೂರು ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ. ವಡೆ ತಿನ್ನುತ್ತಿದ್ದವನಿಗೆ ಆ ತಂಡದ ಹುಡುಗನೊಬ್ಬ "ಅಣ್ಣ, ಇನ್ಮೇಕೆ ನೀವು ನಮ್ ಕಡೆ" ಅಂದನಂತೆ. ಸಂಜೆ ಮನೆಗೆ ಬಂದ. ಬಯ್ಯಲಿಲ್ಲ. ನನ್ನ ಪಟ್ಟಿಯನ್ನು ಇಸಕೊಂಡು ಪೂರ್ತಿ ಓದಿದ. "ಲೆಕ್ಕ ಸರ್ಯಾಗೇ ಹಾಕಿದ್ದೀಯ ಕಣ್ಲಾ. ನನ್ನೂ ಒಂದ್ ಮಾತು ಕೇಳ್ಬೋದಾಗಿತ್ತು."

ಆ ದಿನಗಳಲ್ಲಿ ನಾನು ಅಮೆರಿಕದ ಬೇಸ್‌ಬಾಲ್ ಬಗ್ಗೆ ಓದುತ್ತಿದ್ದೆ, ಇದೇ ಲೆಕ್ಕಾಚಾರದ ಹುಚ್ಚಿಗೆ. ಅಲ್ಲಿ ಆಟ ಶುರುಮಾಡುವ ಪಿಚರ್‌ಗಳು ಸಾಮಾನ್ಯವಾಗಿ ಐದು ಜನ, ಸರದಿಯಲ್ಲಿ ಬರುತ್ತಾರೆ. ಪ್ರತಿ ಜುಲೈನಲ್ಲಿ ಅಂಥ ಒಬ್ಬನಿಗಾಗಿ ತಂಡಗಳು ಭುಜದ ನೋವು, ವಯಸ್ಸು, ಒಪ್ಪಂದದಲ್ಲಿ ಉಳಿದ ವರ್ಷ ಎಲ್ಲ ಅಳೆದು, ಬದಲಿಗೆ ಎಳೆಯ ಆಟಗಾರರನ್ನು ಕೊಟ್ಟುಬಿಡುತ್ತವೆ. ಆ ಓದಿನ ನಡುವೆ ಕರ್ಟ್ ಫ್ಲಡ್ ಸಿಕ್ಕಿದ. ಸೇಂಟ್ ಲೂಯಿಸ್ ತಂಡಕ್ಕೆ ಹನ್ನೆರಡು ವರ್ಷ ಆಡಿದವನು. 1969ರಲ್ಲಿ ಅವನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟರು, ಸುದ್ದಿ ಬಂದದ್ದು ಫೋನಿನಲ್ಲಿ. ಹೋಗುವುದಿಲ್ಲ ಎಂದು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–3ರಿಂದ ಸೋತ. ಅವನ ಆಟವೂ ಅಲ್ಲಿಗೆ ಮುಗಿದಿತ್ತು. ಮರುವರ್ಷ ಒಂದು ನಿಯಮ ಬಂತು: ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ.

ನಮ್ಮಣ್ಣ ನಮ್ಮ ತಂಡಕ್ಕೆ ಹದಿನಾರು ವರ್ಷ ಆಡಿದ್ದ.

ಮಳವಳ್ಳಿಯಲ್ಲಿ ಎಡಗೈಯವನು ಸೆಮಿಫೈನಲ್ಲಿನ ಹನ್ನೆರಡು ಬಾಲಿನಲ್ಲಿ ಎಂಟು ಡಾಟ್ ಹಾಕಿದ. ನನ್ನ ಬೆನ್ನು ತಟ್ಟಿದರು. ಫೈನಲ್ಲಿನಲ್ಲಿ 52 ರನ್ ಹೊಡೆಯಲು ಹೋಗಿ ಮೂರನೇ ಓವರಿಗೇ ನಾಲ್ಕು ವಿಕೆಟ್ ಕಳೆದುಕೊಂಡು ಸೋತೆವು. ಅಣ್ಣ ತಿನ್ನುತ್ತಿದ್ದ ಬಾಲನ್ನು ಎಣಿಸಿದ್ದೆ. ಅವನು ಒಂದು ತುದಿಯಲ್ಲಿ ನಿಂತಿರುತ್ತಿದ್ದದ್ದರಿಂದ ಇನ್ನೊಂದು ತುದಿಯವರು ಬೀಸುತ್ತಿದ್ದರು ಎನ್ನುವುದಕ್ಕೆ ನನ್ನ ಪಟ್ಟಿಯಲ್ಲಿ ಕಾಲಮ್ ಇರಲಿಲ್ಲ. ಆದರೂ, ಬೌಲರ್ ಆಯ್ಕೆ ತಪ್ಪು ಅಂತ ಇವತ್ತೂ ನಾನು ಒಪ್ಪುವುದಿಲ್ಲ.

ಈ ವರ್ಷವೂ ಮದ್ದೂರಿನವರು ಅದೇ ಅದಲುಬದಲು ಕೇಳಿದ್ದಾರೆ. ಈ ಸಲ ನಾನೇ ಅಣ್ಣನ ಗದ್ದೆಗೆ ಹೋದೆ. ಕಬ್ಬು ಕಡಿಸುತ್ತಿದ್ದ.

"ಪಟ್ಟಿ ತಂದಿದ್ದೀಯೇನ್ಲಾ?"

"ಇಲ್ಲಣ್ಣ. ಕೇಳಣ ಅಂತ ಬಂದೆ."

ಒಂದು ಜಲ್ಲೆ ಮುರಿದು ನನ್ನ ಕೈಗೆ ಕೊಟ್ಟ. "ಕಡ್ದು ಮುಗೀಲಿ, ಆಮೇಕೆ ನೋಡನ."

ಇನ್ನೂ ಹೇಳಿಲ್ಲ.