ಸಗರನಾಡಿನ ಒಂದು ಪಂಕ್ತಿ

ಶಹಾಪುರವನ್ನು ಸಮೀಪಿಸುವ ಯಾತ್ರಿಕನ ಕಣ್ಣಿಗೆ ಮೊದಲು ಬೀಳುವುದು ಬುದ್ಧ ಮಲಗಿದಂತೆ ತೋರುವ ಬೆಟ್ಟದ ಸಾಲು. ಕಳೆದ ಕಾರ್ತಿಕದಲ್ಲಿ ನಾವು ಅಲ್ಲಿ ಚರಬಸವೇಶ್ವರರ ಗದ್ದುಗೆಯ ದರ್ಶನ ಪಡೆದು ಸಗರ ಗ್ರಾಮದತ್ತ ಹೊರಟೆವು. ಶಹಾಪುರ-ಸುರಪುರ ಸೀಮೆಗೆ ಸಗರನಾಡೆಂಬ ಹೆಸರನ್ನಿತ್ತ ಊರಿದು. ಸೂಫಿ ಸರಮಸ್ತರ ದರ್ಗಾ ಇರುವುದೂ ಇಲ್ಲಿಯೇ. ಕೃಷ್ಣೆಯ ಕಾಲುವೆ ನೀರು ಹರಿದಲ್ಲಿ ಭತ್ತ, ಹರಿಯದಲ್ಲಿ ತೊಗರಿ, ಹತ್ತಿ. ಬೆಳೆ ಕೈಕೊಟ್ಟ ವರ್ಷ ತರುಣರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆ.

ಅಂತಹ ಒಬ್ಬ ತರುಣನ ಮನೆಯಲ್ಲಿ ಅಂದು ನಮ್ಮ ಪ್ರಸಾದವಾಯಿತು. ಆತನಿಗೆ ಹುಟ್ಟಿನಿಂದಲೇ ಎಚ್.ಐ.ವಿ. ಸೋಂಕು. ತಂದೆತಾಯಿಗಳು ತೀರಿದ ಮೇಲೆ ಸಾಕಿದವನು ಮುತ್ಯಾ. ಊರು, ಹೆಸರುಗಳನ್ನು ನಾವು ಹೇಳೆವು. ನಂಬಿ ತಿಳಿಸಿದುದನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು 2017ರ ಎಚ್.ಐ.ವಿ. ಕಾಯಿದೆಯೂ ನಿಷೇಧಿಸುತ್ತದೆ.

ನಗರದಲ್ಲಿ ಹತ್ತು ಜನರೊಡನೆ ಒಂದೇ ಕೋಣೆಯಲ್ಲಿದ್ದ ಆತ, ಕಂಡಾರೆಂಬ ಅಂಜಿಕೆಯಿಂದ ಗುಳಿಗೆ ಬಿಟ್ಟನಂತೆ. ಕ್ಷೀಣಿಸಿ ಊರಿಗೆ ಮರಳಿದವನನ್ನು ಮುತ್ಯಾ ಮತ್ತೆ ಆಸ್ಪತ್ರೆಗೆ ಕರೆದೊಯ್ದ. ಈಗ ಪುನಃ ದುಡಿಮೆಗೆ ಹೋಗಿದ್ದಾನೆ, ಹಬ್ಬಕ್ಕೆಂದು ಬಂದಿದ್ದ.

“ದಿನಾ ರಾತ್ರಿ ಮುತ್ಯಾ ಫೋನ್ ಮಾಡ್ತಾನ್ರಿ ಅಜ್ಜಾರ. ‘ಉಂಡ್ಯಾ? ಗುಳಿಗಿ ನುಂಗಿದ್ಯಾ?’ ಅಂತಾನ. ಕೇಳಾವ್ರು ಒಬ್ರರ ಅದಾರಲ್ಲ, ಅದಕ್ಕ ನುಂಗ್ತೀನ್ರಿ” ಎಂದನು.

ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ನಮ್ಮ ದೇಶದಲ್ಲಿ 2004ರಿಂದ ಸರ್ಕಾರವು ಎ.ಆರ್.ಟಿ. ಔಷಧವನ್ನು ಉಚಿತವಾಗಿ ನೀಡುತ್ತಿದೆ. ತಪ್ಪದೆ ಸೇವಿಸಿದರೆ ವೈರಾಣು ರಕ್ತದಲ್ಲಿ ಪತ್ತೆಯಾಗದಷ್ಟು ಕುಗ್ಗುತ್ತದೆ. ಆ ಸ್ಥಿತಿ ಉಳಿದಿರುವವರೆಗೆ ದಾಂಪತ್ಯದಿಂದ ಸಂಗಾತಿಗೆ ಸೋಂಕು ತಗಲದು. ಔಷಧ ಬಿಟ್ಟರೆ ಮತ್ತೆ ತಲೆಯೆತ್ತುತ್ತದೆ. ಆದುದರಿಂದ ದಿನದಿನದ ನಿಷ್ಠೆಯೇ ಪ್ರಾಣ. ಆ ನಿಷ್ಠೆಗೆ ಆಸರೆ ಬೇಕು. ಆಫ್ರಿಕಾ ಖಂಡದ ಜಿಂಬಾಬ್ವೆಯಲ್ಲಿ 13ರಿಂದ 19ರ ವಯಸ್ಸಿನ ಸೋಂಕಿತರಿಗೆ, ಅದೇ ಸೋಂಕುಳ್ಳ ತರುಣರನ್ನೇ ಜೊತೆಗಾರರನ್ನಾಗಿ ಕೊಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವೈರಾಣು ಹತೋಟಿ ತಪ್ಪಿದವರು ಅಥವಾ ಮೃತರಾದವರು ಜೊತೆಗಾರರಿಲ್ಲದ ಗುಂಪಿನಲ್ಲಿ ನೂರಕ್ಕೆ 36. ಜೊತೆಗಾರರಿದ್ದ ಗುಂಪಿನಲ್ಲಿ 25. ಔಷಧ ಎರಡೂ ಕಡೆಗೆ ಒಂದೇ. ಅಂತರವನ್ನು ತಂದುದು ಒಡನಾಟ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷಗಳ ಹಿಂದೆ ಒಂದು ದಾಸೋಹದಲ್ಲಿ ವಿಧವೆಯೊಬ್ಬಳನ್ನೂ ಆಕೆಯ ಕೂಸನ್ನೂ ಪಂಕ್ತಿಯಿಂದೆಬ್ಬಿಸಿ ಬೇರೆ ಕೂಡಿಸಿದರು. ಸಹಪಂಕ್ತಿಯ ಮಹಿಮೆಯನ್ನು ಕುರಿತು ಆಗತಾನೆ ಉಪನ್ಯಾಸ ಮಾಡಿ ಬಂದಿದ್ದ ನಾವು ತಲೆ ತಗ್ಗಿಸಿ ಉಂಡೆವು. ಒಡನೆ ಉಣ್ಣುವುದರಿಂದ, ಮುಟ್ಟುವುದರಿಂದ, ಒಂದೇ ಲೋಟದ ನೀರಿನಿಂದ ಈ ಸೋಂಕು ಹರಡದೆಂಬುದು ಆಗಲೂ ತಿಳಿದಿದ್ದ ಸಂಗತಿ. ತಿಳಿದೂ ಸುಮ್ಮನಿದ್ದೆವು. ಆ ಕೂಸು ಬದುಕಿದ್ದರೆ ಇಂದು ಈ ತರುಣನ ವಯಸ್ಸು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ. ನಿಮ್ಮ ಬಳಗದಲ್ಲಿ ಇಂತಹ ಮಗುವಿದ್ದರೆ ಅದರ ಗುಟ್ಟನ್ನು ಕಾಯಿರಿ, ಮಗುವನ್ನು ಮಾತ್ರ ಒಂಟಿಯಾಗಿ ಬಿಡದಿರಿ. ಸಂದೇಹವಿದ್ದವರು 1097ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಸಲಹೆ ದೊರೆಯುತ್ತದೆ.

ಅಂದು ಮುತ್ಯಾ, ಮೊಮ್ಮಗ, ನಾವು ಒಂದೇ ಸಾಲಿನಲ್ಲಿ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ಊಟವಾದೊಡನೆ ಮುತ್ಯಾ ಕೇಳುವ ಮೊದಲೇ ನಾವು ಕೇಳಿದೆವು: “ತಮ್ಮಾ, ಗುಳಿಗಿ?”