ಟ್ಯಾಂಕಿನಿಂದ ಜೆಟ್ಟಿನವರೆಗೆ

ಹಳೆಯ ಕಾರು ದಾರಿಯಲ್ಲಿ ನಿಂತಾಗ, ಅದು ಹೇಗೆ ನಿಂತಿತು ಎಂಬುದನ್ನು ನೆನಪಿಟ್ಟುಕೊಂಡವರಿಗೆ ಅರ್ಧ ರೋಗ ಗೊತ್ತಾದಂತೆ. ಸ್ವಿಚ್ ಆರಿಸಿದ ಹಾಗೆ ಗಕ್ಕನೆ ನಿಂತರೆ ಕರೆಂಟಿನ ಕಡೆ ನೋಡಬೇಕು: ಕಾಯಿಲ್, ಕಂಡೆನ್ಸರ್, ಪಾಯಿಂಟ್. ಕೆಮ್ಮಿ, ಮುಕ್ಕರಿಸಿ, ಆಕ್ಸಿಲರೇಟರ್ ಒತ್ತಿದಷ್ಟೂ ಕುಗ್ಗುತ್ತ ನಿಂತರೆ ಪೆಟ್ರೋಲಿನ ಕಡೆ. ನಮ್ಮ ಪ್ರೀಮಿಯರ್ ಪದ್ಮಿನಿ ಕಾರು ಕೊಯಮತ್ತೂರಿನಿಂದ ಪಲ್ಲಡಂ ಕಡೆಗೆ ಹೊರಟಾಗೆಲ್ಲ ನಿಲ್ಲುತ್ತಿದ್ದುದು ಈ ಎರಡನೆಯ ರೀತಿಯಲ್ಲಿ. ಊರೊಳಗೆ ಎಷ್ಟು ಸುತ್ತಿದರೂ ತಕರಾರಿಲ್ಲ. ಸೂಲೂರು ದಾಟಿ, ರಸ್ತೆ ಬಿಡುವಾಗಿ, ವೇಗ ಹಿಡಿದ ಮೇಲೆ ಮಿಸ್ಸಿಂಗ್ ಶುರು. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಒಂದೇ ಸೆಲ್ಫಿಗೆ ಏಳುತ್ತಿತ್ತು.

ಸೂಲೂರಿನ ಹತ್ತಿರವೇ ಕಳಂಗಲ್ ಎಂಬ ಹಳ್ಳಿಯಿದೆ. ಕೊಯಮತ್ತೂರಿನ ಬಸ್ಸು, ಮೋಟಾರುಗಳ ಉದ್ಯಮಿ ಜಿ.ಡಿ. ನಾಯ್ಡು 1893ರಲ್ಲಿ ಹುಟ್ಟಿದ್ದು ಅಲ್ಲಿ. ಬ್ರಿಟಿಷ್ ಅಧಿಕಾರಿಯೊಬ್ಬನ ಮೋಟಾರ್‌ಸೈಕಲ್ಲಿಗೆ ಮರುಳಾದ ಹುಡುಗ ಕೊಯಮತ್ತೂರಿನ ಹೋಟೆಲೊಂದರಲ್ಲಿ ದುಡಿದು, ದುಡ್ಡು ಕೂಡಿಸಿ, ಆ ಗಾಡಿಯನ್ನೇ ಕೊಂಡು, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ. ಅವನ ಮೆಕ್ಯಾನಿಕ್ ವಿದ್ಯೆ ಶುರುವಾದದ್ದು ಹಾಗೆ. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಒಂದೇ ಒಂದು ಬಸ್ಸು ಓಡಿಸಲು ತೊಡಗಿದವರು ಮುಂದೆ ದೊಡ್ಡ ಸಾರಿಗೆ ಸಂಸ್ಥೆ ಕಟ್ಟಿದರು; 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಎಂಬವರ ಜೊತೆಗೂಡಿ ವಿದ್ಯುತ್ ಮೋಟಾರು ತಯಾರಿಸಿದರು. ಅವಿನಾಶಿ ರಸ್ತೆಯಲ್ಲಿ ಅವರ ಹೆಸರಿನ ವಸ್ತು ಸಂಗ್ರಹಾಲಯವೂ ಹಳೆಯ ಕಾರುಗಳ ಸಂಗ್ರಹವೂ ಇವೆ. 2025ರ ಅಕ್ಟೋಬರಿನಲ್ಲಿ ಅದೇ ರಸ್ತೆಯ ಮೇಲೆ ತೆರೆದ ಉದ್ದನೆಯ ಮೇಲ್ಸೇತುವೆಗೂ ಅವರದೇ ಹೆಸರು. ಇದು ಯೋಗ್ಯವಾದ ಗೌರವ. ಆ ನೆಲದಲ್ಲಿ ಮೋಟಾರಿಲ್ಲದ ಬಾವಿ ಹುಡುಕುವುದು ಕಷ್ಟ. ಪಂಪಿನ ಗುಣದೋಷ ಅಲ್ಲಿನ ರೈತನಿಗೆ ಕಾಲೇಜಿನಲ್ಲಿ ಕಲಿಯಬೇಕಾದ ವಿಷಯವಲ್ಲ. ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ: ಕೊನೆಗೆ ನಮ್ಮ ಕಾರಿನ ರೋಗ ಕಂಡುಹಿಡಿದದ್ದೂ ಪಂಪಿನ ಈ ತಿಳಿವಳಿಕೆಯೇ.

ನಮ್ಮ ಕಾರನ್ನು ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು, 'ಏರ್ ಲಾಕ್'. ಬಿಸಿಲಿಗೆ, ಎಂಜಿನ್ನಿನ ಕಾವಿಗೆ ಪೈಪಿನಲ್ಲೇ ಪೆಟ್ರೋಲು ಆವಿಯಾದರೆ ಎಂಜಿನ್ನಿನ ಪೆಟ್ರೋಲು ಪಂಪಿಗೆ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ಎ.ಸಿ. ಪಂಪಿಗೆ, ಎಳೆಯಲು ದ್ರವವೇ ಸಿಗುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಉಪಾಯ ದೇಶದ ಎಲ್ಲ ಫಿಯೆಟ್, ಪದ್ಮಿನಿ ಚಾಲಕರಿಗೂ ಗೊತ್ತಿತ್ತು. ಅದು ಮೂಢನಂಬಿಕೆಯಲ್ಲ, ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ತಣಿದ ಮೇಲೆ ಏಳುವ ಕಾರಿಗೆಲ್ಲ ಅದೇ ಕಾಯಿಲೆ ಎಂದುಕೊಂಡರೆ ಬರೀ ಬಟ್ಟೆ ಒದ್ದೆ ಮಾಡುತ್ತ ವರ್ಷ ಕಳೆಯಬೇಕಾಗುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿಕಂಡಿ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ: ಪೆಟ್ರೋಲು ಖಾಲಿಯಾದಷ್ಟೂ ಒಳಗೆ ನಿರ್ವಾತ ಬೆಳೆದು ಪಂಪು ಸೋಲುತ್ತದೆ. ನಿಂತ ಕೂಡಲೇ ಮುಚ್ಚಳ ತಿರುಗಿಸಿದರೆ ಸುಯ್ಯೆಂದು ಗಾಳಿ ಒಳನುಗ್ಗುವುದು ಕೇಳಿಸುತ್ತದೆ. ಟ್ಯಾಂಕಿನ ತುಕ್ಕಿನ ಚಕ್ಕೆ ಪೈಪಿನ ಬಾಯಿಗೆ ಅಂಟಿ, ಎಂಜಿನ್ ನಿಂತ ಮೇಲೆ ತಾನಾಗಿ ಕಳಚಿ ಬೀಳುವುದೂ ಉಂಟು. ಕಾವೇರಿದ ಕಾಯಿಲ್ ಕೂಡ ತಣಿದ ಮೇಲೆ ಸರಿಹೋಗಿ ಪೆಟ್ರೋಲಿನ ಮೇಲೆ ಸಂಶಯ ಬರುವಂತೆ ಮಾಡುತ್ತದೆ.

ಕೊನೆಗೆ ದಾರಿ ತೋರಿಸಿದವರು ಪಲ್ಲಡಂ ಬಳಿಯ ಒಬ್ಬ ಹಿರಿಯ ಮೆಕ್ಯಾನಿಕ್. ಮಗ್ಗದ ದೇವಾಂಗ ಮನೆತನ, ಮನೆಮಾತು ಕನ್ನಡ. ಆ ಸೀಮೆಯಲ್ಲಿ ಹಾಗೆ ತಮಿಳಿನ ನಡುವೆ ಕನ್ನಡ ಉಳಿಸಿಕೊಂಡ ನೇಕಾರ ಮನೆಗಳು ಬಹಳ. ಸಿರುಮುಗೈಯಲ್ಲಿ, ನೆಗಮಂನಲ್ಲಿ ಸೀರೆ ಕೊಳ್ಳಲು ಹೋದವರಿಗೆ ಇದು ಗೊತ್ತಿರುತ್ತದೆ. ಈ ಮೆಕ್ಯಾನಿಕ್ ಎಳೆಯ ವಯಸ್ಸಿನಲ್ಲಿ ಬಾವಿ ಮೋಟಾರು ರಿಪೇರಿ ಮಾಡಿದವರು; ಪಂಪಿನ ಗುಣದೋಷ ಅವರಿಗೆ ಅಲ್ಲಿಂದಲೇ ಗೊತ್ತು.

"ಎಲ್ಲೂ ಪೆಟ್ರೋಲು ತೊಟ್ಟಿಕ್ಕಿಲ್ಲ ಅಣ್ಣ, ಲೀಕಿಲ್ಲ" ಎಂದೆ.

"ತಳ್ಳೋ ಪೈಪು ತೂತಾದ್ರೆ ಹೊರಗೆ ಬರ್ತದೆ ಸಾಮಿ, ಕಣ್ಣಿಗೆ ಕಾಣ್ತದೆ. ಎಳೆಯೋ ಪೈಪು ತೂತಾದ್ರೆ ಗಾಳಿ ಒಳಗೆ ಹೋಗ್ತದೆ. ಅದೆಲ್ಲಿ ಕಾಣ್ತದೆ?"

ಪದ್ಮಿನಿಯಲ್ಲಿ ಟ್ಯಾಂಕು ಹಿಂದೆ, ಪಂಪು ಮುಂದೆ ಎಂಜಿನ್ನಿಗೆ ಅಂಟಿಕೊಂಡು. ನಡುವಿನ ಉದ್ದನೆಯ ಪೈಪೆಲ್ಲ ಎಳೆಯುವ ಪೈಪೇ. ಅವರು ಪಂಪಿನ ಬಾಯಿಗೆ ಬರುವ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಟ್ಯೂಬು ಸೇರಿಸಿ, ಎಂಜಿನ್ ಓಡಿಸಿ, ಬಿಸಿಯಾಗಲು ಬಿಟ್ಟು, ಜೋರಾಗಿ ಆಕ್ಸಿಲರೇಟರ್ ಎಳೆದರು. ಟ್ಯೂಬಿನೊಳಗೆ ಗುಳ್ಳೆಗಳ ಸಾಲು ಕಾಣಿಸಿಕೊಂಡಿತು. ಆಮೇಲೆ ಕಾರಿನಡಿ ಮಲಗಿ, ಟ್ಯಾಂಕಿನಿಂದ ಹೊರಬೀಳುವಲ್ಲಿದ್ದ ರಬ್ಬರ್ ಹೋಸನ್ನು ಬಗ್ಗಿಸಿ ತೋರಿಸಿದರು. ಕ್ಲಿಪ್ಪಿನ ಪಕ್ಕದಲ್ಲೇ ಸಣ್ಣ ಸಣ್ಣ ಸೀಳು. ನಿಧಾನವಾಗಿ ಹೋಗುವಾಗ ಸೇರುವ ಅಷ್ಟಿಷ್ಟು ಗಾಳಿಯನ್ನು ಪಂಪು ಸಹಿಸಿಕೊಳ್ಳುತ್ತಿತ್ತು. ವೇಗದಲ್ಲಿ ಎಳೆತ ಹೆಚ್ಚಿ, ಕಾವಿಗೆ ರಬ್ಬರು ಮೆತ್ತಗಾಗಿ, ಸೀಳು ಬಾಯಿ ಬಿಡುತ್ತಿತ್ತು.

ಹೋಸು ಬದಲಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಟ್ಯಾಂಕು ಇಳಿಸಿ ತೊಳೆದರು, ಫಿಲ್ಟರ್ ಬದಲಿಸಿದರು, ಎ.ಸಿ. ಪಂಪಿನ ಡೈಫ್ರಾಮ್ ಹೊಸದು ಹಾಕಿದರು, ಕಾರ್ಬೊರೇಟರ್ ಬಿಚ್ಚಿ ಜೆಟ್ಟುಗಳನ್ನು ಗಾಳಿಯಿಂದ ಊದಿ, ಫ್ಲೋಟಿನ ಮಟ್ಟ ನೋಡಿದರು. ಜೆಟ್ಟಿಗೆ ತಂತಿ ತೂರಿಸಲು ಬಂದ ಹುಡುಗನ ಕೈ ಹಿಡಿದು ನಿಲ್ಲಿಸಿದ್ದನ್ನು ನಾನು ಮರೆಯಲಾರೆ. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ.

ಹೋಸು ಸೀಳಿದ್ದೇಕೆ ಎಂದು ಕೇಳಿದಾಗ ಅವರು ವಯಸ್ಸನ್ನೂ ಈಗಿನ ಪೆಟ್ರೋಲನ್ನೂ ಹೇಳಿದರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಇಂದು ಎಲ್ಲ ಬಂಕುಗಳಲ್ಲೂ ಸಿಗುತ್ತದೆ. ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ, ತೇವವನ್ನು ಹೀರುತ್ತದೆ, ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತನಿಗೆ ಅದರಿಂದ ಅನುಕೂಲವಾದರೆ ನನಗೆ ಸಂತೋಷವೇ. ಆದರೂ ಪಟ್ಟಣಕ್ಕೊಂದು ಬಂಕಿನಲ್ಲಾದರೂ ಹಳೆಯ ಗಾಡಿಗಳಿಗೆ ಒಗ್ಗುವ ಪೆಟ್ರೋಲು ಉಳಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಸ್ಕೂಟರು, ಹಳೆಯ ಮಾರುತಿ ಇಟ್ಟುಕೊಂಡು ಜೀವನ ಸಾಗಿಸುವವರು ಇನ್ನೂ ಇದ್ದಾರೆ. ಹೊಸ ಗಾಡಿ ಕೊಳ್ಳಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ.

ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕೂತು ಪೆಟ್ರೋಲನ್ನು ಒತ್ತಡದಿಂದ ಮುಂದಕ್ಕೆ ತಳ್ಳುತ್ತದೆ. ಎಳೆಯುವ ಪೈಪಿನ ರಗಳೆಯೇ ಇಲ್ಲ. ನಮ್ಮದರಲ್ಲಿ ಅದು ಇದೆ. ಆದ್ದರಿಂದ ಈಗ ಡಿಕ್ಕಿಯಲ್ಲಿ ಎಥೆನಾಲಿಗೆ ತಾಳುವ ಹೋಸು ಒಂದು ಮೀಟರು, ನಾಲ್ಕು ಕ್ಲಿಪ್ಪು, ಒಂದು ಕಂಡೆನ್ಸರ್, ಪಂಪಿನ ಕಿಟ್ಟು ಇರುತ್ತವೆ. ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವಾಗುತ್ತ ಬಂದರೂ, ಕೊಯಮತ್ತೂರಿನ ಉಕ್ಕಡದ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಆ ಕಿಟ್ಟು ಸಿಗುತ್ತದೆ. ಕೊಳ್ಳುವಾಗ ಡೈಫ್ರಾಮನ್ನು ಬೆಳಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಮಡಚಿಟ್ಟ ಸರಕಾದರೆ ಮಡಿಕೆಯಲ್ಲೇ ಬಿರುಕಿರುತ್ತದೆ.